ನಿಲ್ಲುವುದು, ನಿಂತುಹೋಗುವುದು

ಅಲನ್ ಟ್ಯೂರಿಂಗ್ 1936ರಲ್ಲಿ ಬರೆದ, ಗಣನೀಯ ಸಂಖ್ಯೆಗಳನ್ನು ಕುರಿತ ಪ್ರಬಂಧವನ್ನು ಓದದವರೂ ಅದರ ಬಗ್ಗೆ ಒಂದು ಮಾತು ಹೇಳುತ್ತಾರೆ: ಒಂದು ಲೆಕ್ಕ ಎಂದಾದರೂ ನಿಲ್ಲುತ್ತದೆಯೇ ಇಲ್ಲವೇ ಎಂದು ಎಲ್ಲ ಸಂದರ್ಭಗಳಲ್ಲೂ ತಿಳಿಸುವ ಯಂತ್ರ ಸಾಧ್ಯವಿಲ್ಲವೆಂದು ಅವನು ತೋರಿಸಿದ. ಪಠ್ಯಪುಸ್ತಕಗಳಲ್ಲಿ ಇದು ‘ಹಾಲ್ಟಿಂಗ್ ಪ್ರಾಬ್ಲಮ್’. ಆದರೆ ಪ್ರಬಂಧವನ್ನೇ ತೆರೆದು ಕೂತರೆ ಆ ಹೆಸರು ಅಲ್ಲಿಲ್ಲ. ಅದು ಬಳಕೆಗೆ ಬಂದದ್ದು ಐವತ್ತರ ದಶಕದಲ್ಲಿ. ಅದಕ್ಕಿಂತ ಸೋಜಿಗವೆಂದರೆ, ಟ್ಯೂರಿಂಗನ ಒಳ್ಳೆಯ ಯಂತ್ರಗಳು ನಿಲ್ಲುವುದೇ ಇಲ್ಲ.

ಅವನ ಯಂತ್ರದ ಕೆಲಸ, ಒಂದು ಸಂಖ್ಯೆಯ ಅಂಕಿಗಳನ್ನು 0 ಮತ್ತು 1ರಲ್ಲಿ ಉದ್ದನೆಯ ಪಟ್ಟಿಯ ಮೇಲೆ ಬರೆಯುತ್ತ ಹೋಗುವುದು. ಮೊದಲ ಉದಾಹರಣೆಯ ಯಂತ್ರ 010101 ಎಂದು ಬರೆಯುತ್ತಲೇ ಇರುತ್ತದೆ. ಇಂಥದ್ದನ್ನು ಅವನು ‘ಸುತ್ತಿಲ್ಲದ್ದು’ ಎನ್ನುತ್ತಾನೆ. ಕೆಲವು ಅಂಕಿ ಬರೆದು ಮುಂದೆ ಬರೆಯದೆ ಉಳಿದದ್ದು ‘ಸುತ್ತಿನದು’. ಮುಂದಿನ ಆದೇಶ ಸಿಗದೆ ನಿಂತ ಯಂತ್ರವೂ ಗಾಣದೆತ್ತಿನಂತೆ ಸುತ್ತುತ್ತಲೇ ಇದ್ದು ಹೊಸ ಅಂಕಿ ಕೊಡದ ಯಂತ್ರವೂ ಈ ಎರಡನೆಯ ಗುಂಪಿಗೇ ಸೇರುತ್ತವೆ. ಇಂದು ನಾವು ವಿರುದ್ಧವೆಂದು ಕಲಿಯುವ ಎರಡು ಸ್ಥಿತಿಗಳು ಅವನ ಕಣ್ಣಿಗೆ ಒಂದೇ.

ಬಸ್ಸು ನಿಂತಿತು ಅಂದರೆ ಇಳಿಯಬಹುದು. ಗಡಿಯಾರ ನಿಂತುಹೋಯಿತು ಅಂದರೆ ಕೆಟ್ಟಿತು. ಅಡುಗೆ ಮುಗಿಯಿತು ಅಂದರೆ ಎಲೆ ಹಾಕಬಹುದು. ಇಂದಿನ ‘ಹಾಲ್ಟ್’ ಹೆಚ್ಚಾಗಿ ಅಡುಗೆಯದು, 1936ರದ್ದು ಗಡಿಯಾರದ್ದು. ಬಡ್ಡಿಯ ಲೆಕ್ಕ ನಿಲ್ಲದೆ ಓಡಿದರೆ ದೋಷ, ಮೊಬೈಲಿನ ಆಪರೇಟಿಂಗ್ ಸಿಸ್ಟಮ್ ತಾನಾಗಿ ನಿಂತರೆ ದೋಷ. ನಿಲುಗಡೆಯ ಅರ್ಥ ಯಂತ್ರವನ್ನು ನೋಡಿದರೆ ಸಿಗುವುದಿಲ್ಲ. ಅದರಿಂದ ಏನು ಕೇಳಿದ್ದೆವು ಎಂಬುದನ್ನೂ ನೋಡಬೇಕು.

ಪ್ರಬಂಧದ ತಿರುಳು ಎಂಟನೆಯ ಭಾಗ. ಸುತ್ತಿನ ಯಂತ್ರಗಳನ್ನು ಬೇರ್ಪಡಿಸಬಲ್ಲ ಯಂತ್ರವೊಂದು ಇದೆ ಎಂದುಕೊಳ್ಳೋಣ. ಅದನ್ನು ಒಳಗಿಟ್ಟುಕೊಂಡ ದೊಡ್ಡ ಯಂತ್ರವೊಂದು ಯಂತ್ರಗಳನ್ನೆಲ್ಲ ಸಾಲಾಗಿ ಪರೀಕ್ಷಿಸುತ್ತದೆ: ಸುತ್ತಿಲ್ಲದ ಮೊದಲನೆಯದರ ಮೊದಲ ಅಂಕಿ, ಎರಡನೆಯದರ ಎರಡನೆಯ ಅಂಕಿ, ಹೀಗೆ ಬರೆದುಕೊಳ್ಳುತ್ತ ಹೋಗುತ್ತದೆ. ಒಂದು ದಿನ ತನ್ನದೇ ಸರದಿ ಬರುತ್ತದೆ. ಈಗ ಬರೆಯಬೇಕಾದ ಅಂಕಿಯನ್ನು ತಿಳಿಯಲು, ತಾನು ಈಗ ಏನು ಬರೆಯುತ್ತೇನೆಂದು ಮೊದಲೇ ತಿಳಿದಿರಬೇಕು. ಆ ಅಂಕಿ ಬರುವುದೇ ಇಲ್ಲ. ಇದಕ್ಕಿಂತ ಸರಳವಾದ ಸಾಧನೆಯೂ ಇದೆ, ಆದರೆ ಅದನ್ನು ಓದಿದವರಿಗೆ ಎಲ್ಲೋ ಮೋಸವಿದೆ ಅನ್ನಿಸಬಹುದು ಎಂದು ಟ್ಯೂರಿಂಗನೇ ಹೇಳಿಕೊಳ್ಳುತ್ತಾನೆ.

ತರಗತಿಗಳಲ್ಲಿ ಈಗ ಹೇಳುವುದು ಬೇರೆ ಕತೆ. ಕ್ರಿಸ್ಟೋಫರ್ ಸ್ಟ್ರೇಚಿ 1965ರಲ್ಲಿ ಪತ್ರಿಕೆಯೊಂದಕ್ಕೆ ಬರೆದ ಪುಟ್ಟ ಪತ್ರದಲ್ಲಿ ಅದು ಕೆಲವೇ ಸಾಲುಗಳಲ್ಲಿದೆ: ನಿಲ್ಲುತ್ತೀಯೆ ಎಂದರೆ ಓಡುವ, ಓಡುತ್ತೀಯೆ ಎಂದರೆ ನಿಲ್ಲುವ ಪ್ರೋಗ್ರಾಂ. (1953ರಲ್ಲಿ ರೈಲಿನಲ್ಲಿ ಟ್ಯೂರಿಂಗ್ ಒಂದು ಸಾಧನೆಯನ್ನು ಬಾಯಲ್ಲೇ ಹೇಳಿದ್ದನೆಂದೂ ತಾನದನ್ನು ಕೂಡಲೇ ಮರೆತೆನೆಂದೂ ಸ್ಟ್ರೇಚಿ ಅಲ್ಲಿ ಬರೆಯುತ್ತಾನೆ.) ಪತ್ರ ಚುರುಕಾಗಿದೆ, ತರ್ಕ ಸರಿಯಾಗಿದೆ. ಆದರೂ ಅದು ಅಸಾಧ್ಯತೆಯನ್ನು ಒಬ್ಬ ಮೊಂಡನ ತಲೆಹರಟೆಯಂತೆ ಕಾಣಿಸುತ್ತದೆ. ಟ್ಯೂರಿಂಗನ ಯಂತ್ರದಲ್ಲಿ ಹಟವಿಲ್ಲ. ಒಪ್ಪಿಸಿದ ಕೆಲಸವನ್ನು ನಿಷ್ಠೆಯಿಂದ ಮಾಡುತ್ತ ಬಂದು ತನ್ನ ಹೆಸರಿನ ಮುಂದೆಯೇ ಸಿಕ್ಕಿಬೀಳುತ್ತದೆ. ನನಗೆ ಹೆಚ್ಚು ದಿಗಿಲು ಹುಟ್ಟಿಸುವುದು ಈ ವಿಧೇಯತೆ.

ಗಣಿತಕ್ಕೆ ಹೆದರುವ ಓದುಗರು ಒಂಬತ್ತನೆಯ ಭಾಗದಿಂದ ಶುರುಮಾಡಬಹುದು. ಆ ಕಾಲಕ್ಕೆ ‘ಕಂಪ್ಯೂಟರ್’ ಅಂದರೆ ಲೆಕ್ಕ ಮಾಡುವ ಮನುಷ್ಯ. ಮಕ್ಕಳ ಲೆಕ್ಕದ ಪುಸ್ತಕದಂಥ ಚೌಕುಳಿ ಹಾಳೆ ಅವನ ಮುಂದಿದೆ. ಅವನು ಕೆಲಸ ಬಿಟ್ಟು ಎದ್ದುಹೋಗಬಹುದು, ಎಲ್ಲವನ್ನೂ ಮರೆಯಬಹುದು. ಮುಂದೇನು ಮಾಡಬೇಕೆಂದು ಒಂದು ಚೀಟಿ ಬರೆದಿಟ್ಟಿದ್ದರೆ ಸಾಕು, ಮರಳಿ ಬಂದು ಮುಂದುವರಿಸುತ್ತಾನೆ. ಅವನ ಮನಃಸ್ಥಿತಿ ಇರಬೇಕಾದ ಜಾಗದಲ್ಲಿ ಟ್ಯೂರಿಂಗ್ ಇಡುವುದು ಈ ಚೀಟಿಯನ್ನೇ.