ಟಿಕೆಟ್ ದರದಲ್ಲಿ ಏನುಂಟು, ಏನಿಲ್ಲ

ಕಾರವಾರ ಬಂದರಿನಲ್ಲಿ ವಿಹಾರದ ಹಡಗು ತಂಗುವ ರೂಢಿಯಿಲ್ಲ. ಮುಂಬೈಯಿಂದ ಹೊರಟದ್ದು ಗೋವೆಯ ಮರ್ಮಗೋವಾದಲ್ಲಿ ನಿಂತು, ನಮ್ಮ ಕರಾವಳಿಯನ್ನು ದೂರದಿಂದಲೇ ದಾಟಿ ಕೊಚ್ಚಿಯ ಕಡೆಗೋ ಲಕ್ಷದ್ವೀಪದ ಕಡೆಗೋ ಸಾಗುತ್ತದೆ. ಆದರೂ ನೀರಿನ ಮೇಲಿನ ಪ್ರವಾಸಕ್ಕೆ ಕಟ್ಟುವ ಬೆಲೆ ಎಷ್ಟು ಪ್ರಾಮಾಣಿಕ ಎಂದು ಪರೀಕ್ಷಿಸುವುದಕ್ಕೆ ಕಾರವಾರ, ಅಂಕೋಲೆಗಳಷ್ಟು ಒಳ್ಳೆಯ ಜಾಗ ಬೇರೆ ಸಿಗುವುದು ಕಷ್ಟ. ಹೊಳೆ ದಾಟಿಸುವ ತಾರಿ, ರೆಸಾರ್ಟಿನ ಪ್ಯಾಕೇಜು, ಕಾಳಿ ನದಿಯ ಅಳಿವೆಯ ದೋಣಿವಿಹಾರ, ದ್ವೀಪದ ಜಾತ್ರೆಗೆ ಹೋಗುವ ದೋಣಿ ಎಲ್ಲವೂ ಇಲ್ಲುಂಟು. ಒಂದೊಂದರಲ್ಲೂ ‘ದರ’ ಎಂದರೆ ಬೇರೆ ಬೇರೆ.

ಪರೀಕ್ಷೆಗೆ ಒಂದೇ ಅಳತೆಗೋಲು ಸಾಕು. ಪ್ರಯಾಣಿಕ ಬೇಡ ಎನ್ನಲು ಸಾಧ್ಯವೇ ಇಲ್ಲದ್ದೆಲ್ಲ ದರದ ಒಳಗೇ ಇರಬೇಕು. ಬೇಡ ಎನ್ನಬಹುದಾದದ್ದಕ್ಕೆ ಬೇರೆ ಹಣ ಕೇಳಿದರೆ ತಪ್ಪಿಲ್ಲ, ಆದರೆ ಮೊದಲೇ ಹೇಳಬೇಕು.

ದೊಡ್ಡ ಹಡಗಿನಿಂದಲೇ ಶುರುಮಾಡೋಣ. ಭಾರತದಲ್ಲಿ ಈಗ ಹೆಚ್ಚು ಹೆಸರು ಕೇಳಿಬರುವುದು ಕಾರ್ಡೆಲಿಯಾ ಸಂಸ್ಥೆಯ ‘ಎಂಪ್ರೆಸ್’. 1990ರಲ್ಲಿ ‘ನಾರ್ಡಿಕ್ ಎಂಪ್ರೆಸ್’ ಎಂಬ ಹೆಸರಿನಲ್ಲಿ ಸೇವೆಗೆ ಇಳಿದು, ವರ್ಷಗಟ್ಟಲೆ ರಾಯಲ್ ಕೆರಿಬಿಯನ್ ಸಂಸ್ಥೆಗೆ ದುಡಿದ ಈ ಹಡಗು 2021ರ ಸೆಪ್ಟೆಂಬರಿನಲ್ಲಿ ಮುಂಬೈಯಿಂದ ಓಡತೊಡಗಿತು. ಕ್ಯಾಬಿನ್, ಮುಖ್ಯ ಊಟದ ಮನೆಗಳ ಊಟ ತಿಂಡಿ, ಈಜುಕೊಳ, ಬಹುಪಾಲು ಮನರಂಜನೆ ಇವೆಲ್ಲ ದರದಲ್ಲೇ ಸೇರಿವೆ. ಜೈನರ ಊಟವನ್ನೂ ಪ್ರತ್ಯೇಕವಾಗಿ ಮಾಡಿ ಬಡಿಸುತ್ತಾರೆ. ಮದ್ಯ, ಸ್ಪಾ, ಕ್ಯಾಸಿನೊ, ಬಂದರಿನಲ್ಲಿ ಇಳಿದು ಊರು ನೋಡುವ ಪ್ರವಾಸ ಇವಕ್ಕೆ ಬೇರೆ ಹಣ. ಇಲ್ಲಿಯವರೆಗೆ ತಕರಾರಿಲ್ಲ. ಕುಡಿಯದವನು ಕುಡಿಯುವವನ ಲೆಕ್ಕ ತೀರಿಸಬೇಕಾಗಿಲ್ಲ.

ತಕರಾರು ಇರುವುದು ಜಗತ್ತಿನ ಅನೇಕ ವಿಹಾರ ಹಡಗುಗಳು ಬೆಳೆಸಿಕೊಂಡು ಬಂದ ಇನ್ನೊಂದು ಅಭ್ಯಾಸದಲ್ಲಿ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಒಂದು ಮೊತ್ತ ಇರುತ್ತದೆ. ಹಣ ಕಟ್ಟುವ ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ಬಂದರು ಶುಲ್ಕ, ತೆರಿಗೆ, ಸಿಬ್ಬಂದಿಯ ಭಕ್ಷೀಸು ಒಂದೊಂದಾಗಿ ಬಂದು ಕೂರುತ್ತವೆ. ಬಂದರಿಗೆ ಶುಲ್ಕ ಕಟ್ಟದೆ ಹಡಗು ದಕ್ಕೆಗೆ ಬರುವುದಿಲ್ಲ, ತೆರಿಗೆ ಕಟ್ಟದೆ ಟಿಕೆಟ್ ಸಿಗುವುದಿಲ್ಲ. ಹಾಗಿರುವಾಗ ಇವನ್ನು ದರದ ಹೊರಗಿಟ್ಟು ತೋರಿಸುವುದಕ್ಕೆ ಒಂದೇ ಕಾರಣ, ಮೊದಲ ಮೊತ್ತ ಚಿಕ್ಕದಾಗಿ ಕಾಣಲಿ ಎಂಬುದು. ಭಕ್ಷೀಸಿನದ್ದು ಇನ್ನೂ ನೋವಿನ ವಿಷಯ. ಅಮೆರಿಕದ ದೊಡ್ಡ ಸಂಸ್ಥೆಗಳು ದಿನಕ್ಕೆ ತಲೆಗೆ 16 ಡಾಲರ್ ಅಥವಾ ಅದಕ್ಕಿಂತ ಹೆಚ್ಚನ್ನು ಈ ಹೆಸರಿನಲ್ಲಿ ತಾವಾಗಿಯೇ ಬಿಲ್ಲಿಗೆ ಸೇರಿಸುತ್ತವೆ. ಕೋಣೆ ಗುಡಿಸುವವನ, ಊಟ ಬಡಿಸುವವಳ ಸಂಪಾದನೆಯ ದೊಡ್ಡ ಪಾಲು ಇದೇ. ಕೆಲವು ಹಡಗುಗಳಲ್ಲಿ ಕೇಳಿಕೊಂಡರೆ ಇದನ್ನು ಬಿಲ್ಲಿನಿಂದ ತೆಗೆಯುತ್ತಾರೆ. ಹಾಗೆ ತೆಗೆಸಿದ ಪ್ರಯಾಣಿಕನಿಗೆ ಹಣ ಉಳಿಯುತ್ತದೆ, ಅವನ ಹಾಸಿಗೆ ಹಾಸಿದವನ ದುಡಿಮೆಗೆ ಕತ್ತರಿ ಬೀಳುತ್ತದೆ. ಕೆಲಸಗಾರರ ಸಂಬಳವನ್ನು ದರದೊಳಗೆ ಸೇರಿಸದೆ ಪ್ರಯಾಣಿಕನ ಮರ್ಜಿಗೆ ಬಿಡುವ ಈ ಪದ್ಧತಿ ಅನ್ಯಾಯದ್ದು.

ಕಾನೂನು ತಡವಾಗಿಯಾದರೂ ಇದರ ಹಿಂದೆ ಬಿದ್ದಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2024ರ ಜುಲೈ 1ರಿಂದ, ಕಡ್ಡಾಯ ಶುಲ್ಕಗಳನ್ನು ಮುಚ್ಚಿಟ್ಟು ದರ ತೋರಿಸುವಂತಿಲ್ಲ ಎಂಬ ಕಾಯ್ದೆ ಬಂತು. ಅದರ ನಂತರ ದೊಡ್ಡ ಹಡಗು ಸಂಸ್ಥೆಗಳು ತೆರಿಗೆ, ಬಂದರು ಶುಲ್ಕ ಸೇರಿದ ಮೊತ್ತವನ್ನೇ ಮೊದಲು ತೋರಿಸತೊಡಗಿದವು. ನಮ್ಮಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ, ಹೋಟೆಲ್‌ಗಳು ಸೇವಾ ಶುಲ್ಕವನ್ನು ತಾವಾಗಿಯೇ ಬಿಲ್ಲಿಗೆ ಸೇರಿಸಬಾರದೆಂದು ಮಾರ್ಗಸೂಚಿ ಹೊರಡಿಸಿತು. 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. 2023ರ ನವೆಂಬರ್ 30ರ ಇನ್ನೊಂದು ಮಾರ್ಗಸೂಚಿ, ಆನ್‌ಲೈನ್ ಖರೀದಿಯಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ ತಂತ್ರಗಳನ್ನು ಪಟ್ಟಿ ಮಾಡಿದೆ. ದರವನ್ನು ತುಸುತುಸುವೇ ಬಿಚ್ಚಿಡುವುದು, ಗಿರಾಕಿ ಕೇಳದ್ದನ್ನು ಬುಟ್ಟಿಗೆ ತೂರಿಸುವುದು ಎರಡೂ ಆ ಪಟ್ಟಿಯಲ್ಲಿವೆ. ಬಿಸ್ಕತ್ತಿನ ಪೊಟ್ಟಣದ ಮೇಲೂ ‘ಎಲ್ಲ ತೆರಿಗೆ ಸೇರಿ’ ಎಂದು ಗರಿಷ್ಠ ಬೆಲೆ ಅಚ್ಚಾಗಿರಬೇಕು ಎನ್ನುವ ದೇಶದಲ್ಲಿ, ಸಾವಿರಾರು ರೂಪಾಯಿಯ ಪ್ರವಾಸಕ್ಕೆ ಅಷ್ಟು ನಿಯಮವನ್ನು ನಿರೀಕ್ಷಿಸುವುದು ಅತಿಯಾಸೆ ಅಲ್ಲವೇ ಅಲ್ಲ.

ಬೇಡ ಎನ್ನಬಹುದಾದದ್ದನ್ನು ಸರಿಯಾಗಿ ಮಾರುವುದು ಹೇಗೆ ಎಂಬುದಕ್ಕೆ ಹಡಗು ಹತ್ತಬೇಕಾಗಿಲ್ಲ, ಕಾರವಾರದ ಮೀನೂಟ ಸಾಕು. ಅನ್ನ, ಮೀನಿನ ಸಾರು, ಪಲ್ಯ ಊಟದ ದರದಲ್ಲೇ ಬರುತ್ತವೆ. ಫ್ರೈ ಬೇರೆ. ಇಸೋಣಕ್ಕೆ ಇಷ್ಟು, ಬಂಗಡೆಗೆ ಇಷ್ಟು ಎಂದು ಎಲೆಯ ಮುಂದೆ ಕೂರುವಾಗಲೇ ಹೇಳುತ್ತಾರೆ. ಬೇಡವೆಂದವನಿಗೂ ಹೊಟ್ಟೆ ತುಂಬುತ್ತದೆ. ಫ್ರೈ ತಿನ್ನದವನ ಊಟ ಅರೆಬರೆಯಾಗದಂತೆ ದರ ಕಟ್ಟಿರುವುದೇ ಅದರ ಸೊಗಸು.

ಈ ಅಳತೆಯಲ್ಲಿ ಪೂರ್ತಿ ಅಂಕ ಪಡೆಯುವುದು ಹೊಳೆ ದಾಟಿಸುವ ತಾರಿ. ಅಂಕೋಲೆ ತಾಲ್ಲೂಕಿನ ಮಂಜುಗುಣಿಯಿಂದ ಗೋಕರ್ಣದ ಕಡೆಯ ಗಂಗಾವಳಿಗೆ ಹೊಳೆ ದಾಟಿಸುತ್ತಿದ್ದ ತಾರಿಯನ್ನೇ ನೋಡಿ. ಹೆದ್ದಾರಿಯ ಸುತ್ತು ತಪ್ಪಿಸುವ ಈ ದಾರಿಯಲ್ಲಿ ಮನುಷ್ಯನಿಗೆ ಇಷ್ಟು, ಬೈಕಿಗೆ ಇಷ್ಟು ಎಂದಿತ್ತು. ದಾಟಿಸುವುದೊಂದೇ ಮಾತು, ಅದಕ್ಕೊಂದೇ ಹಣ. ಕೋಡಿಬಾಗ ಮತ್ತು ಸದಾಶಿವಗಡದ ನಡುವೆ ಕಾಳಿಗೆ ಸೇತುವೆ ಬರುವ ಮುಂಚೆ ಜನ ದಾಟುತ್ತಿದ್ದದ್ದೂ ಹೀಗೆಯೇ.

ದೇವಬಾಗದ ಲೆಕ್ಕ ಸ್ವಲ್ಪ ಬೇರೆ. ಕಾಳಿ ಸಮುದ್ರ ಸೇರುವಲ್ಲಿ, ಗಾಳಿಮರಗಳ ತೋಪಿನಲ್ಲಿ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್‌ನ ಬಿಡಾರವಿದೆ. 1980ರಲ್ಲಿ ಹುಟ್ಟಿದ ಈ ಸರ್ಕಾರಿ ಸಂಸ್ಥೆ ವಸತಿ, ಊಟ, ತಿಂಡಿ ಎಲ್ಲವನ್ನೂ ಕೂಡಿಸಿ ತಲೆಗೆ ಇಷ್ಟು ಎಂದು ಹೇಳುವ ಪದ್ಧತಿಯನ್ನು ಕಾಡಿನಲ್ಲಿ ರೂಢಿಸಿ ಕಡಲಿಗೂ ತಂದಿತು. ಜಲಕ್ರೀಡೆಗಳಿಗೆ ಬೇರೆ ದರ. ಮೂಲತಃ ಇದು ಮೆಚ್ಚತಕ್ಕ ವ್ಯವಸ್ಥೆ. ಸಂಜೆ ಹಸಿವಾದರೆ ಹೊರಗೆ ಹೋಗಿ ತಿಂದು ಬರಲು ಸುಲಭವಲ್ಲದ ಮರಳದಿಬ್ಬದ ಮೇಲೆ ಊಟವನ್ನು ಬೇರೆಯಾಗಿ ಮಾರಿದರೆ ಅದು ಗಿರಾಕಿಯನ್ನು ಕಟ್ಟಿಹಾಕಿ ವಸೂಲಿ ಮಾಡಿದಂತೆ ಆಗುತ್ತಿತ್ತು.

ಕಾರವಾರದ ಅತ್ಯಂತ ಪ್ರಸಿದ್ಧ ದೋಣಿವಿಹಾರಕ್ಕೆ ಊಟ ಸೇರಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. 1880ರ ದಶಕದ ಆರಂಭದಲ್ಲಿ ಸತ್ಯೇಂದ್ರನಾಥ ಠಾಕೂರರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ತಮ್ಮ ರವೀಂದ್ರನಾಥರು ಬಂದು ಉಳಿದಿದ್ದರು. ಒಂದು ಸಂಜೆ ಅವರೆಲ್ಲ ಸಣ್ಣ ದೋಣಿಯಲ್ಲಿ ಕಾಳಿಯಲ್ಲಿ ಮೇಲಕ್ಕೆ ಹೋಗಿ, ಶಿವಾಜಿಯ ಕೋಟೆಯ ಬುಡದ ರೈತನ ಅಂಗಳದಲ್ಲಿ ಬೆಳದಿಂಗಳಿಗೆ ಕುಳಿತು, ಮನೆಯಿಂದ ಕಟ್ಟಿಕೊಂಡು ಹೋದದ್ದನ್ನು ಉಂಡರು. ವಾಪಸ್ ಬರುವಾಗ ಅಳಿವೆ ಮುಟ್ಟುವಷ್ಟರಲ್ಲಿ ಹೊತ್ತಾದದ್ದರಿಂದ ಅಲ್ಲೇ ಇಳಿದು ಮರಳಿನ ಮೇಲೆ ನಡೆದೇ ಮನೆ ಸೇರಿದರು. ಇದನ್ನೆಲ್ಲ ರವೀಂದ್ರನಾಥರೇ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಬೆಳದಿಂಗಳು, ಉಬ್ಬರ, ಅಳಿವೆಯ ಗಾಳಿ ಯಾವ ಪ್ಯಾಕೇಜಿಗೂ ಸೇರಿದವಲ್ಲ. ಅವನ್ನು ಮಾರುತ್ತೇವೆಂದು ಯಾರೂ ಹೇಳಬಾರದು ಕೂಡ.

ಈ ಮಾತು ಡಾಲ್ಫಿನ್‌ಗಳಿಗೂ ಸಲ್ಲುತ್ತದೆ. ಕಾಳಿ ಅಳಿವೆಯ ಸುತ್ತ, ಕೂರ್ಮಗಡ ದ್ವೀಪದ ಕಡೆ ಅವು ಕಾಣುತ್ತವೆ ಎಂಬುದು ನಿಜ. ‘ಡಾಲ್ಫಿನ್ ತೋರಿಸುತ್ತೇವೆ’ ಎಂದು ಹಣ ಪಡೆದ ದೋಣಿಯವರು ಕಾಣದೇ ಹೋದರೆ ಏನು ಮಾಡಬೇಕು? ಹಣ ಕೊಟ್ಟವನ ಮುಖ ನೋಡಿ ಎಂಜಿನ್ ಜೋರು ಮಾಡಿ ಬೆನ್ನಟ್ಟುವ ಆಸೆ ಹುಟ್ಟುವುದು ಇಲ್ಲಿಯೇ. ಡಾಲ್ಫಿನ್ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿ, ಅದನ್ನು ಅಟ್ಟಿಸಿಕೊಂಡು ಹೋಗುವುದು ಯಾವ ದರದಲ್ಲೂ ಸೇರಲಾರದು. ‘ಇಷ್ಟು ಹೊತ್ತು ಅವು ಓಡಾಡುವ ಕಡೆ ಕರೆದೊಯ್ಯುತ್ತೇವೆ, ಕಂಡರೆ ಕಂಡವು’ ಎನ್ನುವ ದೋಣಿಯವರೇ ನೇರವಾದ ವ್ಯಾಪಾರ ಮಾಡುವವರು.

ಇನ್ನು ಎಲ್ಲಕ್ಕಿಂತ ಭಾರವಾದ ಮಾತು. ಪುಷ್ಯ ಹುಣ್ಣಿಮೆಗೆ ಕೂರ್ಮಗಡ ದ್ವೀಪದಲ್ಲಿ ನರಸಿಂಹ ದೇವರ ಜಾತ್ರೆ ನಡೆಯುತ್ತದೆ. ಮೀನುಗಾರರು ದೋಣಿ ಸಿಂಗರಿಸುತ್ತಾರೆ, ಭಕ್ತರು ಬಾಳೆಗೊನೆ ಹೊತ್ತು ಸಮುದ್ರ ದಾಟುತ್ತಾರೆ. 2019ರ ಜನವರಿ 21ರಂದು ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತರು. ಅವರಲ್ಲಿ ಮಕ್ಕಳಿದ್ದರು, ಸಮುದ್ರದ ಪರಿಚಯವೇ ಇಲ್ಲದ ಬಯಲುಸೀಮೆಯ ಕುಟುಂಬದವರಿದ್ದರು. ದೋಣಿಯಲ್ಲಿ ಹೆಚ್ಚು ಜನ ತುಂಬಿದ್ದರು, ಜೀವರಕ್ಷಕ ಜಾಕೆಟ್ ತೊಟ್ಟಿರಲಿಲ್ಲ ಎಂದು ಆಗಿನ ವರದಿಗಳು ಹೇಳಿದವು. ಆ ದುರಂತ ನಡೆದ ಮೇಲೆ ಕಾರವಾರದಲ್ಲಿ ದೋಣಿಯ ದರದ ಮಾತನ್ನು ಬರಿಯ ರೂಪಾಯಿಯ ಮಾತಾಗಿ ಆಡಲು ಬರುವುದಿಲ್ಲ.

ಪ್ರಯಾಣಿಕ ಬೇಡವೆನ್ನಲು ಸಾಧ್ಯವಿರಬಾರದ ವಸ್ತುಗಳಲ್ಲಿ ಮೊದಲನೆಯದು ಜಾಕೆಟ್. ಅದು ದೋಣಿಯ ಮೂಲೆಯಲ್ಲಿ ರಾಶಿ ಬಿದ್ದಿದ್ದರೆ ಸಾಲದು. ಮಗುವಿಗೆ ಮಗುವಿನ ಅಳತೆಯದ್ದೇ ಬೇಕು, ಹತ್ತುವ ಮೊದಲೇ ಕಟ್ಟಿರಬೇಕು. ಸೆಖೆ, ಫೋಟೊ ಚೆನ್ನಾಗಿ ಬರುವುದಿಲ್ಲ ಎಂದು ಬಿಚ್ಚುವ ಪ್ರವಾಸಿಗೆ ದಡದಲ್ಲೇ ಹಣ ಹಿಂದೆ ಕೊಟ್ಟು ಇಳಿಸುವ ಧೈರ್ಯ ದೋಣಿಯವರಿಗೆ ಇರಬೇಕು. ಎರಡನೆಯದು ತಲೆಯೆಣಿಕೆ. ದೋಣಿಗೆ ಒಟ್ಟು ಬಾಡಿಗೆ ಗೊತ್ತುಮಾಡಿ ಅದನ್ನು ಜನ ಹಂಚಿಕೊಳ್ಳುವ ಪದ್ಧತಿಯಲ್ಲಿ ಇನ್ನಿಬ್ಬರನ್ನು ಹತ್ತಿಸಿಕೊಂಡರೆ ಎಲ್ಲರಿಗೂ ಅಗ್ಗ, ಅಪಾಯವೂ ಎಲ್ಲರಿಗೂ ಹೆಚ್ಚು. ಹಾಗಾಗಿ ತಲೆಗೆ ಇಷ್ಟು, ಗರಿಷ್ಠ ಇಷ್ಟೇ ಜನ ಎಂಬ ದರವೇ ಸುರಕ್ಷಿತ. ಮೂರನೆಯದು ಮರಳಿ ಬರುವುದು. ಗಾಳಿ ಎದ್ದು ಅರ್ಧದಾರಿಯಲ್ಲೇ ತಿರುಗಬೇಕಾದರೆ ಹಣವೆಷ್ಟು ವಾಪಸ್ ಎಂಬುದು ಮೊದಲೇ ಗೊತ್ತಿದ್ದರೆ, ನಷ್ಟದ ಹೆದರಿಕೆಯಿಂದ ಮುಂದೆ ಹೋಗುವ ಒತ್ತಡ ಯಾರ ಮೇಲೂ ಬೀಳುವುದಿಲ್ಲ. ದೊಡ್ಡ ಹಡಗುಗಳ ಕರಾರಿನಲ್ಲೂ, ಹವಾಮಾನ ಕೆಟ್ಟರೆ ಬಂದರು ಬಿಟ್ಟು ಮುಂದೆ ಹೋಗುವ ಹಕ್ಕು ತಮ್ಮದೆಂದು ಸಂಸ್ಥೆಗಳು ಬರೆದುಕೊಂಡಿರುತ್ತವೆ. ಅದನ್ನು ಓದುವವರು ಕಡಿಮೆ.

ಕಾನೂನಿನ ಆಸರೆ ಇಲ್ಲದಿಲ್ಲ. 2021ರ ಒಳನಾಡು ಹಡಗುಗಳ ಕಾಯ್ದೆ ಯಾಂತ್ರೀಕೃತ ದೋಣಿಗಳಿಗೆ ನೋಂದಣಿ, ತಪಾಸಣೆಯ ಪ್ರಮಾಣಪತ್ರ ಬೇಕೆನ್ನುತ್ತದೆ. ಆ ಪ್ರಮಾಣಪತ್ರದ ಸಂಖ್ಯೆಯನ್ನು ದರಪಟ್ಟಿಯ ಪಕ್ಕದಲ್ಲೇ ಬರೆಯುವುದಕ್ಕೆ ಹೆಚ್ಚು ಖರ್ಚಿಲ್ಲ.

ಕೋಡಿಬಾಗದಿಂದ ಮಂಜುಗುಣಿಯವರೆಗೆ ಜನ ದೋಣಿ ಹತ್ತುವ ಪ್ರತಿಯೊಂದು ದಕ್ಕೆಯಲ್ಲೂ ಕನ್ನಡದ ಒಂದು ಫಲಕ ಬೇಕು. ತೆರಿಗೆ ಸೇರಿ ತಲೆಗೆ ಎಷ್ಟು, ಎಷ್ಟು ಹೊತ್ತು, ಎಷ್ಟು ಜನ, ಜಾಕೆಟ್ ಸೇರಿದೆ, ತಿರುಗಿ ಬಂದರೆ ಎಷ್ಟು ವಾಪಸ್ ಎಂಬುದು ಅದರಲ್ಲಿ ದಪ್ಪಕ್ಷರದಲ್ಲಿ ಇರಲಿ. ಮಳೆಗಾಲ ಮುಗಿದು ವಿಹಾರದ ದೋಣಿಗಳು ಮತ್ತೆ ನೀರಿಗಿಳಿಯುವ ಮುಂಚೆ ಜಿಲ್ಲಾಡಳಿತ ಅದನ್ನು ನಿಲ್ಲಿಸಲಿ. ಅಲ್ಲಿಯವರೆಗೆ, ಮಕ್ಕಳನ್ನು ಕರೆದುಕೊಂಡು ದೋಣಿ ಹತ್ತುವವರು ದರ ಕೇಳುವ ಮೊದಲು ಮಗುವಿನ ಅಳತೆಯ ಜಾಕೆಟ್ ಉಂಟೇ ಎಂದು ಕೇಳಿ. ಇಲ್ಲವೆಂದರೆ ಹತ್ತಬೇಡಿ.