ಐಪಿ ಎಂಬ ಮಿತಭಾಷಿ

ಯಂತ್ರಶಿಲ್ಪದಲ್ಲಿಯೂ ಸಂಯಮವೆಂಬ ಗುಣವಿರಬಲ್ಲುದೆಂಬುದನ್ನು ಮನಗಾಣಬೇಕಾದರೆ, ಗಣಕಜಾಲದ ಪದರಗಳ ನಡುವೆ ನೆಲೆಸಿರುವ ಐಪಿ ಎಂಬ ನಿಯಮಾವಳಿಯನ್ನು ನೋಡಬೇಕು. ವಿಂಟ್ ಸರ್ಫ್ ಮತ್ತು ರಾಬರ್ಟ್ ಕಾನ್ ಎಂಬ ಅಮೆರಿಕದ ವಿದ್ವಾಂಸರಿಬ್ಬರು 1974ರಲ್ಲಿ ಪ್ರಕಟಿಸಿದ ಮೂಲ ವಿನ್ಯಾಸದಲ್ಲಿ, ದತ್ತಾಂಶದ ಪೊಟ್ಟಣಕ್ಕೆ ದಾರಿ ತೋರಿಸುವ ಕೆಲಸವೂ ಅದು ತಲಪಿತೇ ಎಂದು ವಿಚಾರಿಸುವ ಕೆಲಸವೂ ಒಂದೇ ನಿಯಮಾವಳಿಯ ಹೆಗಲ ಮೇಲಿದ್ದುವು. 1978ರಲ್ಲಿ ಅವನ್ನು ಬೇರ್ಪಡಿಸಿ, ವಿಳಾಸವನ್ನೋದಿ ಮುಂದಕ್ಕೆ ಸಾಗಿಸುವುದಷ್ಟನ್ನೇ ಐಪಿಗೆ ಉಳಿಸಿದುದು, ನನ್ನ ಎಣಿಕೆಯಲ್ಲಿ, ಆ ಇಡೀ ರಚನೆಯ ಅತ್ಯಂತ ವಿವೇಕದ ಕಾರ್ಯ.

ಅಂಚೆಯವನು ಲಕೋಟೆಯ ಮೇಲ್ಬರಹವನ್ನಲ್ಲದೆ ಒಳಗಿನ ಓಲೆಯನ್ನು ಓದದಂತೆ, ಮಾರ್ಗಮಧ್ಯದ ರೌಟರ್ ಪ್ರತಿ ಪೊಟ್ಟಣದ ತಲೆಬರಹವನ್ನು ಮಾತ್ರ ನೋಡಿ, ಅಲ್ಲಿ ನಮೂದಿಸಿರುವ ಆಯುಷ್ಯದ ಎಣಿಕೆಯಿಂದ ಒಂದನ್ನು ಕಳೆದು, ಮುಂದಿನ ರೌಟರಿಗೆ ಒಪ್ಪಿಸುತ್ತದೆ. ಎಣಿಕೆ ಸೊನ್ನೆಯಾದರೆ ಪೊಟ್ಟಣವನ್ನು ಬಿಸುಟುಬಿಡುತ್ತದೆ. ದಾರಿತಪ್ಪಿದವು ಜಾಲದಲ್ಲಿ ಅನಂತಕಾಲ ಅಲೆಯದಿರಲೆಂದು ಮಾಡಿದ, ನಿಷ್ಠುರವಾದರೂ ಸೊಗಸಾದ ಏರ್ಪಾಡಿದು. ಕಳೆದುಹೋದುದನ್ನು ಮತ್ತೆ ಕಳುಹಿಸುವ, ಕ್ರಮತಪ್ಪಿ ಬಂದುದನ್ನು ಸಂಖ್ಯಾನುಸಾರ ಜೋಡಿಸುವ ಹೊಣೆಯೆಲ್ಲ ಮೇಲಣ ಪದರವಾದ ಟಿಸಿಪಿಯದು. ಅದರ ವಾಸ್ತವ್ಯ ದಾರಿಯಲ್ಲಲ್ಲ, ಎರಡು ತುದಿಯ ಗಣಕಗಳಲ್ಲಿ.

ಐಪಿಯ ಕೆಳಗಣ ಪದರಕ್ಕೆ ಗಾಜಿನೆಳೆ ಬಂದಿತು, ವೈಫೈ ಬಂದಿತು. ಮೇಲೆ ಬರಿಯ ಪತ್ರಗಳಿದ್ದೆಡೆಗೆ ಚಲಚ್ಚಿತ್ರಗಳೇ ಬಂದುವು. ಆದರೂ 1981ರಲ್ಲಿ ಗೊತ್ತುಪಡಿಸಿದ ಐಪಿಯ ನಾಲ್ಕನೆಯ ಆವೃತ್ತಿ ಇಂದಿಗೂ ದುಡಿಯುತ್ತಲೇ ಇದೆ. ಅದರ 32 ಬಿಟ್‌ಗಳ ವಿಳಾಸ ಲೋಕಕ್ಕೆ ಸಾಲದೆ ಹೋದುದು ದೊಡ್ಡ ಕೊರತೆಯೇ ಸರಿ. ಅದನ್ನು ನೀಗಲು ಬಂದ ಆರನೆಯ ಆವೃತ್ತಿಯಲ್ಲಿ ವಿಳಾಸ 128 ಬಿಟ್‌ಗಳಷ್ಟು ಉದ್ದ.