ಪರನುಡಿಯ ಮರೆ: ‘ಮೇಟೈಮ್’ ಚಿತ್ರದ ಒಂದು ಓದು

ರಾಬರ್ಟ್ ಝಡ್. ಲಿಯೊನಾರ್ಡ್ ನಿರ್ದೇಶನದ ‘ಮೇಟೈಮ್’ (1937) ಚಿತ್ರವನ್ನು ಕಣ್ಣೀರಿನ ಪ್ರೇಮಕಥೆಯಾಗಿಯಷ್ಟೇ ನೋಡಿದರೆ ಸಾಲದು. ಅದರ ವಂಶಾವಳಿಯಲ್ಲಿಯೇ ಭಾಷಾಂತರವಿದೆ. 1913ರ ಜರ್ಮನ್ ಗೀತನಾಟಕವೊಂದು ಸಿಗ್ಮಂಡ್ ರಾಂಬರ್ಗರ ಸಂಗೀತದೊಡನೆ 1917ರಲ್ಲಿ ಬ್ರಾಡ್‌ವೇಗೆ ಬಂದಿತು. ಚಿತ್ರವು ಅದರಿಂದ ಒಂದು ಯುಗಳಗೀತೆಯನ್ನು ಉಳಿಸಿಕೊಂಡು ಕಥೆಯನ್ನು ಹೊಸದಾಗಿ ಕಟ್ಟಿತು.

ಗಾಯಕಿ ಮಾರ್ಸಿಯಾ (ಜೆನೆಟ್ ಮ್ಯಾಕ್‌ಡೊನಾಲ್ಡ್) ಗುರು ನಜಾರೊಫ್‌ಗೆ ಕೊಟ್ಟ ಮಾತಿಗೆ ಕಟ್ಟುಬಿದ್ದು ಪಾಲ್‌ನನ್ನು (ನೆಲ್ಸನ್ ಎಡ್ಡಿ) ತೊರೆಯುತ್ತಾಳೆ. ವರ್ಷಗಳ ಬಳಿಕ ಇಬ್ಬರೂ ನ್ಯೂಯಾರ್ಕಿನ ರಂಗದ ಮೇಲೆ ‘ಜಾರಿಟ್ಜಾ’ ಒಪೆರಾದಲ್ಲಿ ಜೊತೆಯಾಗುತ್ತಾರೆ. ಅದು ಚಿತ್ರಕ್ಕೆಂದೇ ಹುಟ್ಟಿದ ಒಪೆರಾ. ಚೈಕೊವ್‌ಸ್ಕಿಯ ಐದನೆಯ ಸಿಂಫನಿಯಿಂದ ಹರ್ಬರ್ಟ್ ಸ್ಟೊಥಾರ್ಟ್ ಹೊಂದಿಸಿದ್ದು. ವಸ್ತು ರಷ್ಯದ್ದು, ಹಾಡುವ ನುಡಿ ಫ್ರೆಂಚು, ಪ್ರೇಮಿಗಳ ಆಡುಮಾತು ಇಂಗ್ಲಿಷು. ತಮ್ಮ ನುಡಿಯಲ್ಲಿ ಆಡಲಾಗದ ನಿಜವನ್ನು ಅವರು ಪರನುಡಿಯ ಮರೆಯಲ್ಲಿ ಹಾಡಿಬಿಡುತ್ತಾರೆ. ಸಭಿಕರಿಗೆ ಅದು ಅಭಿನಯ. ಈಗ ಪತಿಯಾಗಿರುವ ನಜಾರೊಫ್‌ಗೆ ತಪ್ಪೊಪ್ಪಿಗೆ. ಆ ಅರಿವು ಪಾಲ್‌ನ ಕೊಲೆಯಲ್ಲಿ ಮುಗಿಯುತ್ತದೆ.

ಎರವಲು ನುಡಿ ನಮ್ಮನ್ನು ಮರೆಮಾಡುತ್ತದೆಂಬ ನಂಬಿಕೆಯನ್ನು ಈ ದೃಶ್ಯ ಒಡೆಯುತ್ತದೆ. ಮರಣಾನಂತರ ಪ್ರೇಮಿಗಳನ್ನು ಹೂಗಳ ನಡುವೆ ಕೂಡಿಸಿ, ಹಳೆಯ ಯುಗಳಗೀತೆಯನ್ನು ಇಂಗ್ಲಿಷಿನಲ್ಲಿ ಹಾಡಿಸುವ ಮುಕ್ತಾಯವು ಆ ಕಠೋರ ಅರಿವನ್ನು ಸಿಹಿಯಲ್ಲಿ ಕರಗಿಸುತ್ತದೆ. ಚಿತ್ರದ ಸೋಲು ಅಲ್ಲಿದೆ. ಅದರ ಜನಪ್ರಿಯತೆಯೂ ಅಲ್ಲಿಯೇ.